ಹಸಿ ಅಚ್ಚು

"ಅಚ್ಚು ಇನ್ನೂ ಹಸಿಯಾಗಿದೆ. ಕಾಯಿಸದೆ ಹೊತ್ತಿಸಬೇಡಿ." ಗ್ರಾಫೈಟ್ ಅಚ್ಚಿನೊಳಗಿಂದ ಬೆರಳು ತೆಗೆದು ಎಂಜಿನಿಯರ್ ಹೇಮಾಕ್ಷಿ ಹೇಳಿದಳು. ತೆಲುಗು ನಾಡಿನ ಋಷಿಕೊಂಡದ ಹೊಸ ಕಟ್ಟಡದ ಹಿಂದೆ, ಸೋರಿದ ವಿದ್ಯುತ್ತನ್ನು ನೆಲಕ್ಕಿಳಿಸುವ ಅರ್ಥಿಂಗ್ ಗುಂಡಿಯಲ್ಲಿ, ಎರಡು ತಾಮ್ರದ ತಂತಿಗಳನ್ನು ಆ ಅಚ್ಚಿನಲ್ಲಿ ಬೆಸೆಯಬೇಕಿತ್ತು. ಒಳಗೆ ಸುರಿದ ಲೋಹದ ಪುಡಿ ಹೊತ್ತಿದ ಕ್ಷಣವೇ ಕರಗಿ ತಂತಿಗಳನ್ನು ಒಂದು ಮಾಡುತ್ತದೆ. ಅಚ್ಚಿನಲ್ಲಿ ತೇವವಿದ್ದರೆ ಕರಗಿದ ತಾಮ್ರ ಮೇಲಕ್ಕೆ ಸಿಡಿಯುತ್ತದೆ.

"ಹೆಂಚು ಕಾದಿದೆಯಾ ಅಂತ ನೋಡೋಕೆ ಇದೇನು ದೋಸೆನಾ ಮೇಡಂ?" ಗುತ್ತಿಗೆದಾರರ ಸೂಪರ್‌ವೈಸರ್ ಗುರುದತ್ ಪುಡಿಯ ಪೊಟ್ಟಣ ಹರಿದು ಅಚ್ಚಿಗೆ ಸುರಿದ. "ದಾವಣಗೆರೆಯವರು, ನಮ್ಮ ಕಡೆಯವರು ಅಂತ ಇಷ್ಟು ಹೊತ್ತು ಸುಮ್ಮನಿದ್ದೆ. ಹನ್ನೊಂದಕ್ಕೆ ತಪಾಸಣೆಯವರು ಬರ್ತಾರೆ. ಸರೀರಿ ಆ ಕಡೆ." ತೆಲುಗಿಗೆ ಹೊರಳಿ, ಹೊತ್ತಿಸಲು ಕೆಲಸಗಾರ ಅಪ್ಪಲನಾಯ್ಡುವಿಗೆ ಹೇಳಿದ.

ಎರಡು ತಿಂಗಳ ಹಿಂದೆ ಕೆಲಸಕ್ಕೆ ಸೇರಿದ ನಾಯ್ಡುವಿಗೆ ಕನ್ನಡದ ಜಗಳ ಅರ್ಥವಾಗಿರಲಿಲ್ಲ. ಕಿಡಿ ಹಾರಿಸುವ ಗನ್ ಹಿಡಿದು ಅವನು ಎಂದಿನಂತೆ ಅಚ್ಚಿನ ಮೇಲೆ ಬಗ್ಗಿದ. ಹೇಮಾಕ್ಷಿ ಅದನ್ನು ಕಿತ್ತುಕೊಂಡು ಗುರುದತ್ತನ ಎದೆಗೆ ಒತ್ತಿದಳು. "ಅಷ್ಟು ಧೈರ್ಯ ಇದ್ದರೆ ನೀವೇ ಹೊತ್ತಿಸಿ."

"ಹೊತ್ತಿಸ್ತೀನಿ, ಅದೇನು ಮಹಾ!" ಗುರುದತ್ ಗುಂಡಿಯ ಅಂಚಿನಲ್ಲಿ ಕೂತ. ತೋಳನ್ನು ಪೂರ್ತಿ ಮುಂದೆ ಚಾಚಿ, ಮುಖವನ್ನು ಭುಜದ ಹಿಂದಕ್ಕೆ ತಿರುಗಿಸಿಕೊಂಡು, ಕಣ್ಣು ಬಿಗಿಯಾಗಿ ಮುಚ್ಚಿದ. ನಾಯ್ಡು ಆ ತಿರುಗಿದ ಮುಖವನ್ನೇ ನೋಡಿದ. ನಂತರ ಗುರುದತ್ತನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಗನ್ ತೆಗೆದುಕೊಂಡ. "ಹೀಗೆ ಮುಖ ತಿರುಗಿಸಬೇಕು ಅಂತ ನನಗೆ ಒಂದು ದಿನಾನೂ ಹೇಳಿರಲಿಲ್ಲವಲ್ಲ ಸಾರ್," ಎಂದ, ತೆಲುಗಿನಲ್ಲಿ.