ಉಂಡ ಗುಟ್ಟು

ಆರಿದ್ರಾ ಮಳೆ ಬಿಡುವು ಕೊಟ್ಟ ಬೆಳಿಗ್ಗೆ ಗುರುಬಸವ್ವ ಹಿತ್ತಲಲ್ಲಿ ಹೀರೆ ಬಳ್ಳಿಯನ್ನು ಚಪ್ಪರಕ್ಕೆ ಕಟ್ಟುತ್ತಿದ್ದಳು. ಗೊಬ್ಬರದ ಬದಲು ಎಲ್ಲ ಮನೆಗಳಲ್ಲೂ ಗಿಡದ ಬುಡಕ್ಕೆ ಗುಟ್ಟು ಹೇಳುತ್ತಿದ್ದ ಕಾಲವದು. ಯಾರ ಗುಟ್ಟಾದರೂ ಸರಿ, ಬಳ್ಳಿ ಸಂಜೆಯೊಳಗೆ ಗೇಣುದ್ದ ಚಾಚುತ್ತಿತ್ತು. ಆದರೆ ಒಂದು ಗಿಡ ಉಂಡ ಗುಟ್ಟನ್ನು ಇನ್ನೊಂದು ಮೂಸಿಯೂ ನೋಡುತ್ತಿರಲಿಲ್ಲ.

ಪಕ್ಕದ ಮನೆಯ ಮಲ್ಲವ್ವನ ಬಳ್ಳಿ ಆಗಲೇ ಮಾಳಿಗೆ ಏರಿತ್ತು.

“ಏನ್ ಹಾಕಿದಿ ಮಲ್ಲವ್ವಾ?”

“ಹುಳಿಮಜ್ಜಿಗಿ, ಒಲಿ ಬೂದಿ.”

“ಬರೇ ಬೂದಿ ಮ್ಯಾಲೆ ಬದುಕಾಕ ಅದೇನ್ ಸನ್ಯಾಸಿ ಏನ?”

ಮಲ್ಲವ್ವ ನಗಲಿಲ್ಲ. ಸೆರಗು ಸರಿಮಾಡಿಕೊಂಡು ಒಳಗೆ ಹೋದಳು.

ಹೋದ ಬೇಸಿಗೆಯಲ್ಲಿ ಗುರುಬಸವ್ವ ಜ್ವರ ಬಂದು ಕನವರಿಸುವಾಗ ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಕೂತವಳು ಮಲ್ಲವ್ವ ಒಬ್ಬಳೇ. ಆ ಕನವರಿಕೆಯಲ್ಲಿ ತಾನು ಏನೇನು ಆಡಿದ್ದಳೋ ಗುರುಬಸವ್ವನಿಗೆ ನೆನಪಿರಲಿಲ್ಲ. ಇಷ್ಟು ವರ್ಷ ಯಾವ ಗಿಡಕ್ಕೂ ಹೇಳದೆ ಕಾಯ್ದಿಟ್ಟ ಮಾತನ್ನು ಬಳ್ಳಿಯ ಬುಡಕ್ಕೆ ಬಾಗಿ ಹೇಳಿದಳು: “ಗಂಡ ಸತ್ತಾಗ ನನಗ ಅಳು ಬಂದಿರಲಿಲ್ಲ.”

ಸಂಜೆಯಾದರೂ ಬಳ್ಳಿ ಒಂದು ಕುಡಿಯನ್ನೂ ಚಾಚಲಿಲ್ಲ.

ಆಗ ಗೋಡೆಯಾಚೆಯಿಂದ ಮಲ್ಲವ್ವನ ಕೈ ಎರಡು ಎಳೆ ಹೀರೇಕಾಯಿ ಹಿಡಿದು ಬಂತು. “ತಗೋ ಯಕ್ಕಾ, ನಿಂದೂ ಪಾಲ ಐತಿ.”

“ನೀನೇ ಉಣ್ಣು,” ಎಂದಳು ಗುರುಬಸವ್ವ. “ಜ್ವರದಾಗ ನೋಡಿಕೊಂಡ ಋಣ ಅದರಾಗ ತೀರಿತು.”