ಒಂದೇ ಅಳತೆಯ ಮುದ್ದೆ

ಎಸರು ಕುದಿಯುತ್ತಿತ್ತು. ತಿಪ್ಪಕ್ಕ ಗೋಡೆಗೆ ಒರಗಿ ನಿಂತಲ್ಲೇ ತೂಕಡಿಸುತ್ತಿದ್ದಳು. ಪಕ್ಕದ ಒಲೆಯ ಮೇಲೆ ನಾಟಿ ಕೋಳಿ ಮೊಂಡು ಹಿಡಿದವರ ಹಾಗೆ ಬೇಯದೆ ಕೂತಿತ್ತು. ಬೆಳಿಗ್ಗೆ ಅದರ ಪುಕ್ಕ ಕಿತ್ತು, ಉರಿಯಲ್ಲಿ ಸುಟ್ಟು, ಅರಿಶಿನ ಹಚ್ಚಿ ತೊಳೆದು ಮುಗಿಸುವಷ್ಟರಲ್ಲೇ ಅವಳ ಬಲಭುಜ ಹೇಳಿದ ಮಾತು ಕೇಳುವುದನ್ನು ಬಿಟ್ಟಿತ್ತು.

“ಏನೇ ತಿಪ್ಪಿ, ನಿಂತ್ಕಂಡೇ ನಿದ್ದೆನಾ? ಸಾರಿಗೆ ಉಪ್ಪು ನಿಮ್ಮಪ್ಪ ಬಂದು ಹಾಕ್ತಾನಾ?”

ಗಂಡನ ಅಕ್ಕ ಉಚ್ಚಂಗೆಮ್ಮನ ದನಿ! ತಿಪ್ಪಕ್ಕ ಬೆಚ್ಚಿ ಸೆರಗು ಸರಿಮಾಡಿಕೊಂಡಳು. ಆದರೆ ಅತ್ತೆಯ ದನಿ ಅಣಕಿಸಿ ಬಾಗಿಲಲ್ಲಿ ಹಲ್ಲು ಕಿರಿಯುತ್ತ ನಿಂತವಳು ಮಗಳು ಸುಪ್ರಿಯಾ.

“ಥೂ ನಿನ್ನ! ಎದೆ ಧಸಕ್ ಅಂತು ಕಣೇ.”

“ಅತ್ತೆ ಬರೋದ್ರೊಳಗೆ ನಿಂಗೆ ಅಭ್ಯಾಸ ಆಗ್ಲಿ ಅಂತ ಕಣಮ್ಮ. ಅಪ್ಪಂಗೆ ಅಕ್ಕನ ಹತ್ರ ಬಾಯ್ಬಿಟ್ಟು ‘ಸಾರಿ’ ಅನ್ನಾಕೆ ಆಗಲ್ಲ, ಅದ್ಕೇ ನಿನ್ ಕೈಲಿ ಸಾರು ಮಾಡಿಸ್ತಾನೆ. ಸರಿ, ಮುದ್ದೆ ನಾನು ತಿರುವ್ತೀನಿ, ನೀನು ಕುಂತ್ಕ.”

“ಬ್ಯಾಡ ತಾಯಿ. ನೀನು ತಿರುವಿದ್ರೆ ಗಂಟಾಗ್ತೈತೆ.”

“ಮುದ್ದೆ ಗಂಟಾದ್ರೆ ಅತ್ತೆ ಮುಖಾನೂ ಗಂಟಾಗ್ತೈತೆ, ಅಲ್ವಾ?”

ತಿಪ್ಪಕ್ಕನಿಗೆ ನಗುವಷ್ಟೂ ತ್ರಾಣವಿರಲಿಲ್ಲ. ಎರಡು ವರ್ಷದ ಹಿಂದೆ ಅವಳು ಹಿರಿಯೂರಿನ ಹೆದ್ದಾರಿ ಪಕ್ಕದ ಜಂಪಣ್ಣನ ಮುದ್ದೆ ಹೋಟೆಲಿಗೆ ಸೇರಿದ ದಿನ, “ನಮ್ಮನೆ ಹೆಣ್ಣು ಲಾರಿಯೋರಿಗೆ ಉಣ್ಣಾಕಿಕ್ಕೋದಾದ್ರೆ ನಾನು ಈ ಹೊಸ್ಲು ತುಳಿಯಲ್ಲ” ಎಂದು ಉಚ್ಚಂಗೆಮ್ಮ ಶ್ರೀರಾಂಪುರದ ಬಸ್ಸು ಹತ್ತಿದ್ದಳು. ಗಂಡ ಕಾಟಪ್ಪನನ್ನು ಎತ್ತಿ ಆಡಿಸಿ ಸಾಕಿದ ಅಕ್ಕ ಆಕೆ. ಕಾಟಪ್ಪ ತಡೆದುಕೊಳ್ಳುವಷ್ಟು ತಡೆದುಕೊಂಡು, ಹೋದ ವಾರ ಫೋನಿನಲ್ಲಿ “ಹೋಟ್ಲು ಬಿಡ್ಸೀನಿ, ಬಾರಕ್ಕ” ಎಂದಿದ್ದ. ಬಿಡಿಸಿರಲಿಲ್ಲ. ಹೋಟೆಲಿಗೆ ಸೋಮವಾರ ರಜೆ, ಸೋಮವಾರ ಉಚ್ಚಂಗೆಮ್ಮ ಕೋಳಿ ಮುಟ್ಟುವವಳಲ್ಲ. ಹಾಗಾಗಿ ಈ ಭಾನುವಾರ ತಿಪ್ಪಕ್ಕ ತನಗೆ ವಾಂತಿಭೇದಿಯೆಂದು ಜಂಪಣ್ಣನಿಗೆ ಸುಳ್ಳು ಹೇಳಿ, ದಿನಕ್ಕೆ ಇನ್ನೂರು ಮುದ್ದೆ ಕಟ್ಟುವ ಕೈಗೆ ನಾಲ್ಕೇ ಮುದ್ದೆಯ ಬಿಡುವು ಕೊಡಿಸಿದ್ದಳು.

ಎಸರಿಗೆ ಹಿಟ್ಟು ಸುರಿದು ಬೇಯಿಸಿ, ಪಾತ್ರೆಯನ್ನು ನೆಲಕ್ಕಿಳಿಸಿ ಎರಡು ಪಾದಗಳ ನಡುವೆ ಬಿಗಿಹಿಡಿದು, ಕೋಲು ಹಾಕಿ ತಿರುವಿದಳು. ಅರೆನಿದ್ದೆಯಲ್ಲೇ ಕೈ ನೀರಿಗದ್ದಿ ನಾಲ್ಕು ಮುದ್ದೆ ಕಟ್ಟಿದಳು. ಅಷ್ಟರಲ್ಲಿ ಹೊರಗೆ ಉಚ್ಚಂಗೆಮ್ಮನ ಅಸಲಿ ದನಿ ಕೇಳಿಸಿತು. ಚೀಲವನ್ನು ಬಾಗಿಲ ಬಳಿಯೇ ಇಟ್ಟು ಆಕೆ ಕಾಟಪ್ಪ, ಸುಪ್ರಿಯಾರ ಜೊತೆ ಊಟಕ್ಕೆ ಕೂತಳು.

ಸಾರಿನಲ್ಲಿ ಬೆರಳದ್ದಿ ನೆಕ್ಕಿ ಕಣ್ಣು ಮುಚ್ಚಿದಳು. “ನಮ್ಮವ್ವನ ಕೈಯ್ದೇ ಬಿಡು.”

ಕಾಟಪ್ಪನ ಮುಖ ಅರಳಿತು. ಅಕ್ಕ ಮಾತ್ರ ಮುದ್ದೆ ಮುರಿಯಲಿಲ್ಲ. ತನ್ನ ತಟ್ಟೆಯದನ್ನು ನೋಡಿದಳು, ತಮ್ಮನ ತಟ್ಟೆಯದನ್ನು ನೋಡಿದಳು. ತನ್ನದನ್ನು ಒಂದು ಅಂಗೈಗೂ ಸುಪ್ರಿಯಾಳದನ್ನು ಇನ್ನೊಂದು ಅಂಗೈಗೂ ಎತ್ತಿಕೊಂಡು ತಕ್ಕಡಿಯಂತೆ ತೂಗಿದಳು.

“ನಮ್ಮವ್ವ ಮುಖ ನೋಡಿ ಮುದ್ದೆ ಕಟ್ಟೋಳು. ಹೊಲ್ದಿಂದ ಬಂದೋರ್ಗೆ ದೊಡ್ದು, ಹುಡುಗ್ರಿಗೆ ಸಣ್ದು. ಇವೇನೇ ತಿಪ್ಪಿ, ಅಚ್ಚಿನಾಗೆ ತೆಗ್ದಂಗವೆ! ಒಂದೊಂದು ಎಷ್ಟು ಗ್ರಾಂ?”

“ಮುನ್ನೂರಕ್ಕ.”

ತಿಪ್ಪಕ್ಕನಿಗಿಂತ ಮೊದಲು ಅವಳ ಬಾಯಿ ಹೇಳಿಬಿಟ್ಟಿತ್ತು. ಹತ್ತು ಗ್ರಾಂ ಕಡಿಮೆಯಾದರೆ ಗಿರಾಕಿ, ಹೆಚ್ಚಾದರೆ ಜಂಪಣ್ಣ ಬೈದು ಬೈದು ಪಳಗಿಸಿದ ಅಳತೆ ಅದು. ಕಾಟಪ್ಪ ಬಾಯಿಗೆ ಒಯ್ದಿದ್ದ ಕಾಲಿನ ತುಂಡನ್ನು ಹಾಗೆಯೇ ಕೆಳಗಿಟ್ಟ. ಸುಪ್ರಿಯಾಳಿಗೆ ಅಣಕಿಸಲು ಯಾರ ದನಿಯೂ ನೆನಪಾಗಲಿಲ್ಲ.

“ಬಿಡ್ಸೀನಿ ಅಂದಿದ್ದೆ,” ಎಂದಳು ಉಚ್ಚಂಗೆಮ್ಮ.

“ಅಕ್ಕ, ಅದು...”

“ಬಾಯ್ಮುಚ್ಚಲೇ. ತಿಪ್ಪಿ, ದಿನಾ ಎಷ್ಟು ಕಟ್ತೀಯೆ?”

“ಇನ್ನೂರು. ಭಾನ್ವಾರ ಮುನ್ನೂರು ಆಗ್ತವೆ.”

“ಇಲ್ಲಿ ಬಾ. ಕೈ ತೋರ್ಸು.”

ಅಂಗೈ ಕೆಂಪಗೆ ದಪ್ಪಗಟ್ಟಿತ್ತು. ಬೆರಳ ಸಂದಿಯಲ್ಲಿ ಹಳೆಯ ಬೊಬ್ಬೆಗಳ ಗುರುತುಗಳಿದ್ದವು. ಉಚ್ಚಂಗೆಮ್ಮ ಎಡಗೈಯಲ್ಲಿ ಅದನ್ನು ಬಹಳ ಹೊತ್ತು ಹಿಡಿದುಕೊಂಡಿದ್ದಳು.

“ನಮ್ಮವ್ವ ಹದಿನಾಲ್ಕು ಮುದ್ದೆ ಕಟ್ಟಿ, ಬೋರ್ಲು ಮಲಗಿ ನನ್ ಕೈಲಿ ಭುಜ ತುಳುಸ್ಕಳೋಳು,” ಎಂದಳು. ಯಾರಿಗೆ ಹೇಳಿದಳೋ.

ಆಕೆ ಎದ್ದಳು. ಚೀಲಕ್ಕೇ ಎದ್ದಳೆಂದುಕೊಂಡ ಕಾಟಪ್ಪ. ಉಚ್ಚಂಗೆಮ್ಮ ಚೀಲವನ್ನು ಎತ್ತಿಕೊಂಡದ್ದೂ ನಿಜ. ಆದರೆ ಅದನ್ನು ಒಳಕೋಣೆಯಲ್ಲಿಟ್ಟು, ಅಡುಗೆಮನೆಯಿಂದ ನಾಲ್ಕನೆಯ ಮುದ್ದೆಯ ತಟ್ಟೆ ತಂದು ತನ್ನ ಪಕ್ಕಕ್ಕೆ ತಳ್ಳಿದಳು.

“ಕುಂತ್ಕ ತಿಪ್ಪಿ. ಲೇ ಕಾಟ, ಎದ್ದು ಬಡ್ಸು.”

“ನಾನಾ?”

“ಮತ್ತೆ ಜಂಪಣ್ಣ ಬರ್ತಾನಾ?”

ಕಾಟಪ್ಪ ಅಡುಗೆಮನೆಯಲ್ಲಿ ಸೌಟು ಹುಡುಕಿದ, ಸಾರಿನ ಪಾತ್ರೆ ಮುಟ್ಟಿ ಸುಟ್ಟ ಕೈ ಕೊಡವಿದ, ತಳ ಕೆದಕಿ ಒಂದು ಲಿವರಿನ ತುಂಡು ಹೆಕ್ಕಿದ. ಅದನ್ನು ಸೌಟಿನಲ್ಲಿ ಹಿಡಿದು, ನೆಲಕ್ಕೆಲ್ಲ ಸಾರು ತೊಟ್ಟಿಕ್ಕಿಸುತ್ತ ಬಂದು ಹೆಂಡತಿಯ ಮುಂದೆ ಬಗ್ಗಿದ.

ಉಚ್ಚಂಗೆಮ್ಮ ಬೇಡವೆಂದು ಕೈಯಾಡಿಸಿದಳು. ತಿಪ್ಪಕ್ಕ ಆಕೆಯ ಹೆಗಲಿಗೆ ಒರಗಿ ನಿದ್ದೆಹೋಗಿದ್ದಳು. ಮಡಿಲಲ್ಲಿ ಬಿದ್ದಿದ್ದ ಬಲಗೈ ಮಾತ್ರ ಅರ್ಧ ಮಡಚಿಕೊಂಡು ಏನನ್ನೋ ದುಂಡಗೆ ಕಟ್ಟುತ್ತಲೇ ಇತ್ತು.