ಮದುವೆ ವರ್ಷದ ವೈನ್

ಬಹಳ ಹಿಂದೇನಲ್ಲ, ೨೦೦೫ರಲ್ಲಿ ಮೋಡಗಳೆಲ್ಲ ಕೂಡಿ ಕೆಂಗೇರಿಯ ಒಂದೇ ಒಂದು ದ್ರಾಕ್ಷಿ ಬಳ್ಳಿಯ ಮೇಲೆ ಹಟಕ್ಕೆ ಬಿದ್ದಿದ್ದವಂತೆ. ಹಣ್ಣು ಮಾಗುವ ಹೊತ್ತಿಗೇ ಬಿಡದ ಮಳೆ. ಮಗಳ ಮದುವೆ ವರ್ಷದ ಹಣ್ಣಿನಿಂದ ವೈನ್ ಹಾಕಿ, ಚರ್ಚಿನಲ್ಲಿ ಮೊಮ್ಮಗುವಿಗೆ ಹೆಸರಿಡುವ ಜ್ಞಾನಸ್ನಾನದ ದಿನ ತೆಗೆಯುವೆನೆಂದು ಹೆಂಡತಿಗೆ ಮಾತು ಕೊಟ್ಟಿದ್ದ ಅರುಳಪ್ಪ, ಗೊಂಚಲಿಗೆ ಕೊಡೆ ಹಿಡಿದು ತಾನು ನೆನೆಯುತ್ತಿದ್ದ.

“ಮದುವೆ ಹುಡುಗಿ ನಾನಪ್ಪಾ, ದ್ರಾಕ್ಷಿಗ್ಯಾಕೆ ಕೊಡೆ?” ಮಗಳು ಲೂರ್ದು ನಕ್ಕಳು.

ಅವನು ನಗಲಿಲ್ಲ. ನೀರು ಕುಡಿದು ಉಬ್ಬಿದ ಹಣ್ಣುಗಳು ಕಣ್ಣೆದುರೇ ಒಡೆಯುತ್ತಿದ್ದವು. “ಬಿಸಿಲೇ ಕಂಡಿಲ್ಲ ಕಣಮ್ಮ, ಬರೀ ಹುಳಿ. ನಿಮ್ಮಮ್ಮಂಗೆ ಏನು ಹೇಳ್ಲಿ?”

ಉಳಿದ ಹಣ್ಣನ್ನು ಕಿತ್ತು, ಹಿಸುಕಿ ಜಾಡಿಗೆ ತುಂಬಿದ. ಹುಳಿ ಮುಚ್ಚಲು ಸಕ್ಕರೆ ಸುರಿಯಹೋದಾಗ ಲೂರ್ದು ಕೈ ಹಿಡಿದಳು.

“ಅಮ್ಮ ತೀರಿಕೊಂಡ ವರ್ಷಾನೂ ಇದೇ ಅಲ್ವಾ ಅಪ್ಪಾ? ವರ್ಷ ಹೆಂಗಿತ್ತೋ ವೈನೂ ಹಂಗೇ ಇರ್ಲಿ ಬಿಡಿ.”

ಅರುಳಪ್ಪ ಸಕ್ಕರೆಯನ್ನು ಪಕ್ಕಕ್ಕಿಟ್ಟು, ಜಾಡಿಯ ಬಾಯಿಗೆ ಬಿಗಿಯಾಗಿ ಬಟ್ಟೆ ಕಟ್ಟಿದ.